ಸಹಾಯ ಬೇಕು: ತೂತು ಬಿದ್ದ ನೆಗೆಟಿವ್‌ಗಳನ್ನು ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1935ರಲ್ಲಿ ರಾಯ್ ಸ್ಟ್ರೈಕರ್ ಅವರ ಉಸ್ತುವಾರಿಯಲ್ಲಿ ಆರಂಭವಾಗಿ, ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್ ಮೊದಲಾದವರು ಅಮೆರಿಕದ ಹಳ್ಳಿ, ಹೊಲ, ಅಡುಗೆಮನೆಗಳನ್ನೆಲ್ಲ ಸರ್ಕಾರಕ್ಕಾಗಿ ಚಿತ್ರೀಕರಿಸಿದ ಯೋಜನೆಯ ಕುರಿತು ನಮ್ಮ ಛಾಯಾಗ್ರಹಣ ಬಳಗದಲ್ಲಿ ಮುಂದಿನ ತಿಂಗಳು ಮಾತನಾಡಬೇಕಾಗಿದೆ. ಪ್ರಸಿದ್ಧ ಚಿತ್ರಗಳು ಸುಲಭವಾಗಿ ಸಿಕ್ಕಿವೆ (ಅವನ್ನು ಎಲ್ಲರೂ ನೋಡಿಯೇ ಇದ್ದಾರೆ). ನನಗೆ ಬೇಕಾಗಿರುವುದು, ಸ್ಟ್ರೈಕರ್ ಅವರು ಬೇಡವೆಂದು ತೂತು ಹೊಡೆಸಿದ ನೆಗೆಟಿವ್‌ಗಳ ಚಿತ್ರಗಳು. ಅವುಗಳಲ್ಲಿ ಕೆಲವೆಡೆ ಮುಖವಿರಬೇಕಾದ ಜಾಗದಲ್ಲಿ ದುಂಡನೆಯ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳ ನಡುವೆ, ಬಹಳಷ್ಟು ಸಲ ಶೀರ್ಷಿಕೆಯೂ ಇಲ್ಲದ ಇವನ್ನು ಹುಡುಕುವ ಬಗೆಯನ್ನು, ಅಲ್ಲಿ ಕುಳಿತು ಕೆಲಸ ಮಾಡಿದ ಅಮೆರಿಕದ ಕನ್ನಡಿಗರು ಯಾರಾದರೂ ಇದ್ದರೆ, ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.