ಓದುಗರ ಸ್ಪಂದನ: ಅಟ್ಟದ ಮೇಲಿನ ರೇಡಿಯೋ, ಅಪ್ಪ-ಮಗನ ಸಿನಿಮಾ

ಪ್ರಶ್ನೆ: ನನಗೂ ನನ್ನ 13 ವರ್ಷದ ಮಗನಿಗೂ ‘ಫ್ರೀಕ್ವೆನ್ಸಿ’ ಅಂದರೆ ಪ್ರಾಣ. ತೀರಿಹೋದ ಅಪ್ಪನ ಜೊತೆ ಮಗ ಹಳೇ ಹ್ಯಾಮ್ ರೇಡಿಯೋದಲ್ಲಿ (ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ರೇಡಿಯೋ) ಮಾತಾಡುವ ಸಿನಿಮಾ. ಈಗ ಅವನು ಅಟ್ಟದ ಮೇಲಿರುವ ನಮ್ಮ ತಂದೆಯವರ ವಾಲ್ವ್ (ಗಾಜಿನ ಕೊಳವೆ) ರೇಡಿಯೋ ಇಳಿಸಿ, ಅದರಲ್ಲೇ ಮಾತಾಡೋಣ ಎಂದು ಹಟ ಹಿಡಿದಿದ್ದಾನೆ. ಎಷ್ಟೋ ಮಳೆಗಾಲ ಕಂಡ ಪೆಟ್ಟಿಗೆ ಅದು. ಚಾಲೂ ಮಾಡಬಹುದೇ? ಅವನ ಆಸೆಗೆ ದಾರಿ ಇದೆಯೇ?
– ಹೊಸನಗರ ತಾಲ್ಲೂಕಿನ ಓದುಗರು

ಕುತೂಹಲಕ್ಕೆಂದು ಕೂಡ ಒಂದು ಸಲ ಪ್ಲಗ್ ಹಾಕಿ ನೋಡಬೇಡಿ. ಸೆಟ್ಟು ಸುಡುವುದು ಆ ಒಂದು ಸಲದಲ್ಲೇ.

ಹಿಂದಿನ ರಟ್ಟು ಬಿಚ್ಚಿ ವಾಲ್ವ್‌ಗಳ ನಂಬರ್ ಓದಿ. ಇಸಿಎಚ್ 81, ಇಎಲ್ 84, ಇಝಡ್ 80 ಎಂದಿದ್ದು, ಪಕ್ಕದಲ್ಲಿ ದಪ್ಪ ಮೈನ್ಸ್ ಟ್ರಾನ್ಸ್‌ಫಾರ್ಮರ್ ಕಂಡರೆ ಮುಂದುವರಿಯಬಹುದು. ಯುಸಿಎಚ್, ಯುಸಿಎಲ್, ಯುವೈ ಎಂದು ‘ಯು’ ಅಕ್ಷರದಿಂದ ಶುರುವಾಗಿ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಅದು ಎಸಿ-ಡಿಸಿ ಸೆಟ್ಟು. ಅದರಲ್ಲಿ ಕರೆಂಟಿನ ಒಂದು ವಯರು ನೇರವಾಗಿ ಚಾಸಿಗೇ (ಒಳಗಿನ ಲೋಹದ ಚೌಕಟ್ಟು) ಸೇರಿರುತ್ತದೆ, ಪ್ಲಗ್ ತಿರುವುಮುರುವಾದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ಅಂಥದ್ದನ್ನು ಹುಡುಗನ ಕೈಗೆ ಕೊಡಬೇಡಿ, ಸೆಟ್ಟನ್ನು ಕರೆಂಟಿನ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ನಮ್ಮ ಕಡೆ ಸೆಟ್ಟುಗಳನ್ನು ಕೊಲ್ಲುವುದು ಥಂಡಿ. ಹಳೇ ಪೇಪರ್ ಕಂಡೆನ್ಸರ್ (ಕೆಪಾಸಿಟರ್) ತೇವ ಕುಡಿದು ಲೀಕ್ ಆಗುತ್ತದೆ. ಅದರಲ್ಲೂ ಸ್ಪೀಕರಿಗೆ ಸದ್ದು ಕೊಡುವ ಇಎಲ್ 84 ವಾಲ್ವಿನ ಗ್ರಿಡ್ಡಿಗೆ (ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿ) ಹೋಗುವ 0.01 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಪರೀಕ್ಷಿಸುತ್ತಾ ಕೂರದೆ ಬದಲಾಯಿಸಿ. ಅದು ಸ್ವಲ್ಪವೇ ಲೀಕ್ ಆದರೂ ಗ್ರಿಡ್ ಪಾಸಿಟಿವ್ ಆಗಿ, ವಾಲ್ವ್ ವಿಪರೀತ ಕರೆಂಟ್ ಎಳೆದು, ತನ್ನ ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಹೊಸದು 630 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಇರಲಿ. ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರುಗಳಿಗೆ 47 ಮೈಕ್ರೋಫ್ಯಾರಡ್, 450 ವೋಲ್ಟ್ ಸಾಕು. ದೊಡ್ಡದಿದ್ದರೆ ಗೊರ್ರೆನ್ನುವ ಸದ್ದು ಕಡಿಮೆಯಾದೀತು ಎಂದು 100 ಹಾಕುವವರಿದ್ದಾರೆ. ಆದರೆ ಎಸಿಯನ್ನು ಡಿಸಿ ಮಾಡುವ ಇಝಡ್ 80 ವಾಲ್ವ್ ತಡೆಯುವುದು 50ರವರೆಗೆ ಮಾತ್ರ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಾಮ್ರದ ತಂತಿ ಕಿಲುಬು ಹಿಡಿದು ಕಡಿದಿರುವುದು ಇಲ್ಲಿ ಮಾಮೂಲು. ಮಲ್ಟಿಮೀಟರಿನಲ್ಲಿ ಪ್ರೈಮರಿ ಕೆಲವು ನೂರು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕರೆಂಟ್ ಕೊಡಬೇಡಿ, ವಾಲ್ವಿನ ಆನೋಡಿಗೆ (ಹೊರಗಿನ ತಗಡು) ವೋಲ್ಟೇಜ್ ಸಿಗದೆ ಸ್ಕ್ರೀನ್ ಗ್ರಿಡ್ ಎಂಬ ಎರಡನೇ ಜಾಲರಿ ಕೆಂಪಗೆ ಕಾದು ವಾಲ್ವ್ ಸಾಯುತ್ತದೆ. ಇಲಿ ಕಡಿದ ವಯರು, ಪುಡಿಯಾಗುವ ರಬ್ಬರ್ ವಯರು ಎಲ್ಲ ಹೊಸದಾಗಲಿ. ವಾಲ್ವಿನ ಗಾಜಿನ ಬೂಷ್ಟು ಒರೆಸುವಾಗ ನಂಬರ್ ಅಳಿಸಿಹೋಗದಂತೆ ನೋಡಿಕೊಳ್ಳಿ.

ಇಷ್ಟಾದ ಮೇಲೆ 60 ವಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಸ್ವಿಚ್ ಒತ್ತಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಜೋರಾಗಿ ಉರಿದು ಮಂಕಾದರೆ ಸರಿ. ಪೂರ್ತಿ ಬೆಳಕಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 250 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪುಗಳಿಂದ ಕೆಲವು ಸೆಕೆಂಡು ಅಡ್ಡ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ.
– ರೇಡಿಯೋ ರಿಪೇರಿ ಬಲ್ಲ ಓದುಗರು, ಸಾಗರ

ನಿಮ್ಮ ಮಗನಿಗೆ ಸಿನಿಮಾದ ರೇಡಿಯೋದ ಬಗ್ಗೆಯೇ ಒಂದು ಮಾತು ಹೇಳಿ. ಅಲ್ಲಿ ಮೇಜಿನ ಮೇಲಿರುವುದು ಹೀತ್‌ಕಿಟ್ ಕಂಪನಿಯ ಎಸ್‌ಬಿ-301. ಅದು ಬರೀ ರಿಸೀವರ್. ಕೇಳಿಸುತ್ತದೆ, ಕಳಿಸುವುದಿಲ್ಲ, ಥೇಟ್ ನಿಮ್ಮ ಅಟ್ಟದ ಪೆಟ್ಟಿಗೆಯ ಹಾಗೆ. ಅಪ್ಪ-ಮಗ ಫೋನಿನಲ್ಲಿ ಮಾತಾಡಿದಂತೆ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರಲ್ಲ, ಹ್ಯಾಮ್ ರೇಡಿಯೋದಲ್ಲಿ ಹಾಗಾಗುವುದಿಲ್ಲ. ಗುಂಡಿ ಒತ್ತಿ ಮಾತಾಡಿ, ‘ಓವರ್’ ಎಂದು ಬಿಟ್ಟ ಮೇಲೆಯೇ ಆಚೆಯವರ ಸರದಿ.

ಆದರೆ ಕಥೆ ಹೆಣೆದ ರೀತಿ ಬಹಳ ಗಟ್ಟಿ. ಅಲ್ಲಿ ಯಾರೂ ಕಾಲ ದಾಟುವುದಿಲ್ಲ, ಮಾತು ಮಾತ್ರ ದಾಟುತ್ತದೆ. ಅದನ್ನು ಹುಡುಗನ ಜೊತೆ ಕಾಗದದ ಮೇಲೆ ಬಿಡಿಸಿ ನೋಡಿ. ಮೇಲೆ ಅಪ್ಪ ಇರುವ 1969ರ ಗೆರೆ, ಕೆಳಗೆ ಮಗ ಇರುವ 1999ರ ಗೆರೆ. ಪ್ರತಿ ಮಾತುಕತೆಗೂ ಒಂದು ನೇರ ಗೀಟು. ಅಪ್ಪ ಏನಾದರೂ ಬದಲಿಸಿದಾಗಲೆಲ್ಲ ಕೆಳಗಿನ ಗೆರೆಯನ್ನು ಬೇರೆ ಬಣ್ಣದಲ್ಲಿ ಮತ್ತೆ ಎಳೆಯಿರಿ. ಮೊದಲು ತನ್ನನ್ನು ಕೊಂದಿದ್ದ ಬೆಂಕಿಯಿಂದ ಅಪ್ಪ ಮಗನ ಮಾತು ಕೇಳಿ ಉಳಿದದ್ದು ಮೊದಲ ಬಣ್ಣ. ಆಗ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮ ಗಂಡನ ಸಾವಿನ ಸುದ್ದಿಗೆ ಎದ್ದು ಹೋಗಬೇಕಾದವಳು ಹೋಗುವುದಿಲ್ಲ. ಕೆಲಸದಲ್ಲೇ ಇದ್ದು, ರೋಗಿಯೊಬ್ಬನಿಗೆ ಕೊಡುತ್ತಿದ್ದ ತಪ್ಪು ಔಷಧವನ್ನು ತಡೆಯುತ್ತಾಳೆ. ಬದುಕಿ ಎದ್ದವನು ಕೊಲೆಗಾರ. ಒಂದು ಜೀವ ಉಳಿದದ್ದೇ ಇನ್ನಷ್ಟು ಸಾವಿಗೆ ದಾರಿಯಾಗುವ ಈ ಕೊಂಡಿಯನ್ನು ಗೆರೆ ಎಳೆಯುತ್ತಾ ಅವನೇ ಹಿಡಿಯಲಿ, ಮೊದಲೇ ಹೇಳಿಕೊಡಬೇಡಿ.

ಅಪ್ಪ ಸಾಲ್ಡರಿಂಗ್ ಕಡ್ಡಿಯಿಂದ ಮೇಜು ಸುಟ್ಟು ಅಕ್ಷರ ಬರೆಯುವಾಗ, 30 ವರ್ಷದ ಆಚೆ ಅದೇ ಮೇಜಿನಲ್ಲಿ ಮಗನ ಕಣ್ಣೆದುರೇ ಆ ಅಕ್ಷರ ಮೂಡುತ್ತದೆ. ಆ ದೃಶ್ಯದಲ್ಲಿ ನಿಲ್ಲಿಸಿ, ಗೆರೆಯ ಮೇಲೆ ಅದನ್ನು ಎಲ್ಲಿ ಗುರುತಿಸುವುದು ಎಂದು ಕೇಳಿ. ಒಳ್ಳೆಯ ಚರ್ಚೆಯಾಗುತ್ತದೆ.
– ಚಿತ್ರಪ್ರೇಮಿ, ತೀರ್ಥಹಳ್ಳಿ

ದಾರಿ ಖಂಡಿತ ಇದೆ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಶುರುವಿಗೆ ರಿಸ್ಟ್ರಿಕ್ಟೆಡ್ ಗ್ರೇಡ್ ಸಾಕು, ಅದಕ್ಕೆ ಮೋರ್ಸ್ (ಚುಕ್ಕಿ-ಗೆರೆಯ ತಂತಿ ಸಂಕೇತ) ಬೇಕಿಲ್ಲ. ರೇಡಿಯೋ ಸಿದ್ಧಾಂತ, ನಿಯಮಗಳು, ಎರಡೇ ವಿಷಯ. ಲೈಸೆನ್ಸ್ ಬರುವ ತನಕ ಕೇಳುವುದನ್ನು ಕಲಿಯಲಿ.

ನಿಮ್ಮ ಸೆಟ್ಟಿನ ಶಾರ್ಟ್‌ವೇವಿನಲ್ಲಿ 7 ಮೆಗಾಹರ್ಟ್ಸ್ ಇದ್ದರೆ, 7.0ರಿಂದ 7.2ರವರೆಗೆ ಹ್ಯಾಮ್‌ಗಳಿರುತ್ತಾರೆ. ಆದರೆ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಸೆಟ್ಟು ಕೆಟ್ಟಿದೆ ಎಂದುಕೊಳ್ಳಬೇಡಿ. ಅವರು ಕಳಿಸುವುದು ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್), ಅದರಲ್ಲಿ ಮಾತನ್ನು ಹೊರುವ ಮೂಲ ತರಂಗವಾದ ಕ್ಯಾರಿಯರ್ ಇರುವುದಿಲ್ಲ. ಕ್ಯಾರಿಯರನ್ನು ನೀವೇ ಕೊಡಬಹುದು. ಶಾರ್ಟ್‌ವೇವ್ ಇರುವ ಹಳೇ ಟ್ರಾನ್ಸಿಸ್ಟರ್ ರೇಡಿಯೋವನ್ನು ಪಕ್ಕದಲ್ಲಿಟ್ಟು, ವಾಲ್ಯೂಮ್ ಇಳಿಸಿ, 6.645ರ ಸುತ್ತ ತಿರುಗಿಸಿ. ಅದರ ಒಳಗೆ ತರಂಗ ಹುಟ್ಟಿಸುವ ಆಸಿಲೇಟರ್ 455 ಕಿಲೋಹರ್ಟ್ಸ್ ಮೇಲೆ, ಅಂದರೆ 7.1ರಲ್ಲಿ ಓಡುತ್ತಿರುತ್ತದೆ. ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಿದ್ದರೆ ಮಾತು ತಟ್ಟನೆ ತಿಳಿಯಾಗುತ್ತದೆ. ಹುಡುಗನಿಗೆ ಆ ಕ್ಷಣ ಸಿಗಲೇಬೇಕು.

ಆಂಟೆನಾಗೆ ಈಗ 15 ಮೀಟರ್ ವಯರು ಸಾಕು. ಮುಂದೆ ಮಾತಾಡಲು ಡೈಪೋಲ್ (ನಡುವಿನಿಂದ ಎರಡು ಬದಿಗೆ ಸಮ ಉದ್ದದ ವಯರು) ಬೇಕು. 143ನ್ನು 7.1ರಿಂದ ಭಾಗಿಸಿದರೆ ಒಟ್ಟು 20.1 ಮೀಟರ್, ಬದಿಗೆ 10 ಮೀಟರಿಗಿಂತ ಒಂದು ಚೂರು ಹೆಚ್ಚು. 10.3 ಕತ್ತರಿಸಿ, ಆಂಟೆನಾ ಸರಿ ಹೊಂದಿದೆಯೇ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ ತುದಿ ಮಡಚುತ್ತಾ ಬನ್ನಿ. ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಎರಡು ಮರ ಎರಡು ಕಡೆ ತೂಗಿ ವಯರು ಹರಿಯುತ್ತದೆ. ಹಲಸೋ ಮಾವೋ ಇರಲಿ, ಒಂದು ತುದಿಗೆ ರಾಟೆ ಹಾಕಿ ಕಲ್ಲು ತೂಗಿಬಿಡಿ. ತೋಟ ಕಣಿವೆಯಲ್ಲಿದೆ ಎಂಬ ಚಿಂತೆ ಬೇಡ. 144 ಮೆಗಾಹರ್ಟ್ಸಿಗೆ ಗುಡ್ಡ ಅಡ್ಡ ಬರುತ್ತದೆ, 7ಕ್ಕೆ ಬರುವುದಿಲ್ಲ. ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದ ಡೈಪೋಲಿನ ತರಂಗ ನೆತ್ತಿಯ ಮೇಲೆ ಹೋಗಿ, ಹಗಲಿನಲ್ಲಿ ಸುತ್ತಲಿನ ಮುನ್ನೂರು ಕಿಲೋಮೀಟರ್ ದೂರದವರೆಗೆ ಇಳಿದು ಬರುತ್ತದೆ.
– ಹ್ಯಾಮ್ ಹವ್ಯಾಸಿ, ಶಿವಮೊಗ್ಗ

ಆಕಾಶದ ಬಣ್ಣದ ಬೆಳಕು (ಅರೋರಾ) ಬಂದರೆ ರೇಡಿಯೋ ದೂರ ಹೋಗುತ್ತದೆ ಎಂದು ಸಿನಿಮಾ ನೋಡಿ ಅನ್ನಿಸಬಹುದು. 7 ಮೆಗಾಹರ್ಟ್ಸಿನಂಥ ಕಡೆ ಸಾಮಾನ್ಯವಾಗಿ ಆಗುವುದು ಉಲ್ಟಾ. ಸೌರ ಬಿರುಗಾಳಿ ಜೋರಾದರೆ ಶಾರ್ಟ್‌ವೇವ್ ಮಂಕಾಗುತ್ತದೆ. ನೆರವಾಗುವುದು ಸೂರ್ಯನ ಕಲೆಗಳು, ಅವು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ. 1969, 1999 ಎರಡೂ ಅಂಥ ಏರಿಕೆಗೆ ಹತ್ತಿರದ ವರ್ಷಗಳೇ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಬೆಳಕು ಕಂಡಿತ್ತು.

ನಮ್ಮ ಆಕಾಶದಲ್ಲಿ ನೀವು ಕಾಯಬೇಕಾದದ್ದು ಸಿಡಿಲನ್ನು. ಏಪ್ರಿಲ್-ಮೇ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್ ಸುಮಾರು ಜೋರು. ಗುಡುಗು ಕೇಳಿದ ಮೇಲೆ ಆಂಟೆನಾ ಮುಟ್ಟಬಾರದು, ಮೋಡ ಕಟ್ಟುವಾಗಲೇ ಕಳಚಿ ವಯರಿನ ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿರಬೇಕು. ಸೆಟ್ಟಿನ ಪ್ಲಗ್ಗನ್ನೂ ತೆಗೆಯಿರಿ, ಸಿಡಿಲು ಕರೆಂಟಿನ ಲೈನಿನಲ್ಲೂ ಬರುತ್ತದೆ.
– ಓದುಗರು, ಆಗುಂಬೆ