ಕಣ ಭೌತಶಾಸ್ತ್ರದ ‘ಕ್ರಾಸ್ ಸೆಕ್ಷನ್’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಡಿಕ್ಕಿಯಲ್ಲಿ ಹೊಸ ಕಣಗಳು ಎಷ್ಟು ಹುಟ್ಟುತ್ತವೆ ಅಂತ ಅಳೆಯುವ ಬಗ್ಗೆ ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಕ್ರಾಸ್ ಸೆಕ್ಷನ್’ ಬಂದಲ್ಲೆಲ್ಲ ಕೈ ನಿಲ್ಲುತ್ತಿದೆ.

ಅಡ್ಡಕೊಯ್ತ, ಅಡ್ಡಛೇದ ಎರಡೂ ಬಳಕೆಯಲ್ಲಿವೆ. ಗಿಡದ ಕಾಂಡ ಕತ್ತರಿಸಿ ನೋಡುವಾಗ ಅವು ಸರಿಯಾಗಿ ಒಪ್ಪುತ್ತವೆ. ಇಲ್ಲಿ ಕೊಯ್ಯುವುದು ಏನೂ ಇಲ್ಲ. ಒಂದು ಬಗೆಯ ಘಟನೆ ನಡೆಯುವ ಸಾಧ್ಯತೆಯನ್ನು ವಿಸ್ತೀರ್ಣದ ಲೆಕ್ಕದಲ್ಲಿ ಹೇಳುತ್ತಾರೆ. ಅದರ ಮಾನ ಬಾರ್ನ್. ಒಂದು ಬಾರ್ನ್ ಅಂದರೆ ಒಂದು ಚದರ ಸೆಂಟಿಮೀಟರನ್ನು 10ರ 24ನೇ ಘಾತದಿಂದ ಭಾಗಿಸಿದಷ್ಟು. ನ್ಯಾನೋಬಾರ್ನ್ ಅದರ ನೂರು ಕೋಟಿಯಲ್ಲಿ ಒಂದು ಪಾಲು.

‘ತಾಕುಹರವು’ ಅನ್ನೋಣ ಅಂದುಕೊಂಡೆ. ಕೇಳಲು ಚೆಂದ. ಆದರೆ ಓದಿದವರು ಅದನ್ನು ಕಣದ ಗಾತ್ರ ಅಂತ ತಿಳಿಯುತ್ತಾರೆ. ಡಿಕ್ಕಿ ಹೊಡೆಯುವ ಕಣಗಳು ಅವೇ ಇದ್ದರೂ ಏನು ಹುಟ್ಟುತ್ತದೆ ಅನ್ನುವುದರ ಮೇಲೆ ಈ ಬೆಲೆ ಬೇರೆಯಾಗುತ್ತದೆ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಎಲ್‌ಇಪಿ ಡಿಕ್ಕಿ ಯಂತ್ರದಲ್ಲಿ (1989–2000) ಜಡ್ ಬೋಸಾನ್ ಅನ್ನುವ ಭಾರದ ಕಣ ಹುಟ್ಟುವ 91 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಇದು ಶಕ್ತಿಯ ಮಾನ) ಹತ್ತಿರ, ಕಣಗಳು ವಿಕಿರಣವಾಗಿ ಕಳೆದುಕೊಳ್ಳುವ ಶಕ್ತಿಗೆ ತಿದ್ದುಪಡಿ ಮಾಡಿದ ಮೇಲೆ, ಹ್ಯಾಡ್ರಾನ್‌ಗಳಿಗೆ (ಕ್ವಾರ್ಕ್‌ಗಳಿಂದಾದ, ಪ್ರೋಟಾನಿನಂಥ ಕಣಗಳು) ಸುಮಾರು 41 ನ್ಯಾನೋಬಾರ್ನ್ ಸಿಕ್ಕಿತು. ಎಲೆಕ್ಟ್ರಾನಿನಂಥದ್ದೇ ಆದರೂ ಹೆಚ್ಚು ಭಾರದ ಮ್ಯೂಯಾನ್‌ಗಳ ಜೋಡಿಗೆ ಬರೀ 2. ಶಕ್ತಿ ಚೂರು ಬದಲಾದರೂ ಬೆಲೆ ಜಿಗಿಯಬಹುದು. 1974ರಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದ ಸ್ಪಿಯರ್ ಯಂತ್ರದಲ್ಲಿ 3.1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಅದು ನೂರು ಪಟ್ಟಿನಷ್ಟು ಏರಿತು. ಜೆ/ಸೈ ಅನ್ನುವ ಹೊಸ ಕಣ ಅಲ್ಲಿ ಕಂಡದ್ದು ಹಾಗೆ. ಎಲೆಕ್ಟ್ರಾನ್ ನೂರು ಪಟ್ಟು ಹಿಗ್ಗಿತು ಅಂತ ಓದುಗರು ತಿಳಿಯಬಾರದು, ಅಲ್ವಾ?

ಹಾಗಾಗಿ ‘ಸಂಭವ ಹರವು’ ಕಡೆಗೆ ನನ್ನ ಒಲವು. ಸಾಧ್ಯತೆಯೂ ಉಳಿಯುತ್ತದೆ, ವಿಸ್ತೀರ್ಣವೂ ಉಳಿಯುತ್ತದೆ. ಅರಿಸಮಾಸ ಅಂತ ಕೆಲವರು ಒಪ್ಪದಿರಬಹುದು. ‘ಸಂಭವ ಕ್ಷೇತ್ರ’ ವ್ಯಾಕರಣಕ್ಕೆ ಸರಿ, ಆದರೆ ‘ಕ್ಷೇತ್ರ’ವನ್ನು ಕಾಂತಕ್ಷೇತ್ರದಂಥ ಪದಗಳಲ್ಲಿ ಆಗಲೇ ಬಳಸಿಬಿಟ್ಟಿದ್ದೇವೆ. ಅಚ್ಚಗನ್ನಡದಲ್ಲಿ ಚಿಕ್ಕ ಪದ ಹೊಳೆದರೆ ದಯವಿಟ್ಟು ತಿಳಿಸಿ.

ಜೊತೆಗೇ ಬರುವ ಇನ್ನೊಂದು ಪದ ‘ಲ್ಯೂಮಿನಾಸಿಟಿ’, ಅಂದರೆ ಕಣಗಳ ದೂಲಗಳು ಎಷ್ಟು ದಟ್ಟವಾಗಿ ಎದುರಾಗುತ್ತವೆ ಅನ್ನುವ ಅಳತೆ. ಸಂಭವ ಹರವನ್ನು ಇದರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘಟನೆ ಅಂತ ಸಿಗುತ್ತದೆ. ಇದನ್ನು ಅಳೆಯಲು ಎಲೆಕ್ಟ್ರಾನ್, ಪಾಸಿಟ್ರಾನ್‌ಗಳು ಒಂದಕ್ಕೊಂದು ಬಡಿದು ಚದುರುವುದನ್ನು ಎಣಿಸುತ್ತಾರೆ. ಆ ಚದುರುವಿಕೆಯ ಲೆಕ್ಕ ಹಾಕಿಕೊಟ್ಟವರು ಹೋಮಿ ಭಾಭಾ, 1930ರ ದಶಕದಲ್ಲಿ. ಅದಕ್ಕೆ ಈಗಲೂ ಅವರದೇ ಹೆಸರು. ‘ದೀಪ್ತಿ’ ಅನ್ನಲು ಮನಸ್ಸಿಲ್ಲ, ಇಲ್ಲಿ ಬೆಳಕಿನ ಮಾತೇ ಇಲ್ಲ. ‘ಡಿಕ್ಕಿದಟ್ಟಣೆ’ ಅಂದರೆ ನಿಮಗೆ ಸರಿ ಕಾಣುತ್ತದೆಯೇ?