ಮೇಯರ್‌ರನ್ನು ನಾವೇ ಆರಿಸಬೇಕಾ? ಶಾಲೆಗೂ ಒಂದು ಓಟು ಇರಬೇಕಾ?

ತುಂಗಾತೀರದ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದೆ. ಒಂದು ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿದೆ. ತಿಳಿದವರು ಹೇಳಿ.

2022ರ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. ಕೆನಡಾದ ಒಂಟಾರಿಯೊ ಪ್ರಾಂತ್ಯ, ಬ್ರಾಂಪ್ಟನ್ ಊರು. ಆಗ ಅಲ್ಲಿ ನಗರದ ಚುನಾವಣೆ. ಮನೆಗಳ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕ ನೆಟ್ಟಿದ್ದರು. ಪಕ್ಷದ ಹೆಸರಿಲ್ಲ, ಚಿಹ್ನೆ ಇಲ್ಲ. ಮೊಮ್ಮಗನನ್ನು ಶಾಲೆಯಿಂದ ಕರೆದುಕೊಂಡು ಬರುವಾಗ ದಿನಾ ಅವನ್ನು ಓದುತ್ತಿದ್ದೆ. ಕೆಲವದರ ಮೇಲೆ ‘ಸ್ಕೂಲ್ ಟ್ರಸ್ಟಿ’ ಎಂದಿತ್ತು. ದೇವಸ್ಥಾನದ ಟ್ರಸ್ಟಿ ಗೊತ್ತು, ಶಾಲೆಗೆ ಯಾವ ಟ್ರಸ್ಟಿ ಎಂದು ಮಗಳನ್ನು ಕೇಳಿದೆ. ಆ ಭಾಗದ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮಂಡಳಿಗೆ ಜನರೇ ಆರಿಸಿ ಕಳಿಸುವ ಸದಸ್ಯರಂತೆ. ಬಜೆಟ್ ಒಪ್ಪುವುದು, ಮುಖ್ಯ ಅಧಿಕಾರಿಯನ್ನು ನೇಮಿಸುವುದು ಆ ಮಂಡಳಿಯ ಕೆಲಸ.

ಓಟಿನ ದಿನ 24ನೇ ತಾರೀಕು, ಸೋಮವಾರ. ನಮಗೆ ನರಕ ಚತುರ್ದಶಿ. ಮಗಳು ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಓಟು ಹಾಕಲು ಹೋದಳು. ಮೇಯರ್‌ಗೆ ಒಂದು, ಪ್ರಾದೇಶಿಕ ಕೌನ್ಸಿಲರ್‌ಗೆ ಒಂದು, ನಗರ ಕೌನ್ಸಿಲರ್‌ಗೆ ಒಂದು, ಶಾಲಾ ಟ್ರಸ್ಟಿಗೆ ಒಂದು. ನಾಲ್ಕು ಓಟು! ನಾನು ಹೊರಗೆ ನಿಂತಿದ್ದೆ. ಜೀವಮಾನವೆಲ್ಲ ಶಾಲೆಯಲ್ಲೇ ಕಳೆದವಳಿಗೆ ಆ ನಾಲ್ಕನೇ ಓಟು ಕಂಡು ಗಂಟಲು ತುಂಬಿ ಬಂತು.

ನಮ್ಮಲ್ಲಿ 2018ರ ಆಗಸ್ಟ್ 31ರಂದು ಪಾಲಿಕೆಗೆ ಓಟು ಹಾಕಿದ್ದೇ ಕೊನೆ. ವಾರ್ಡ್ ಸದಸ್ಯರಿಗೆ ಒಂದೇ ಓಟು. ಮೇಯರ್‌ರನ್ನು ಆ 35 ಜನ ಆರಿಸಿದರು, ಜೊತೆಗೆ ಶಾಸಕರು, ಸಂಸದರ ಮತ. 2023ರ ನವೆಂಬರ್‌ನಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು.

ನಮ್ಮ ಮೇಯರ್‌ರನ್ನೂ ನಾವೇ ನೇರವಾಗಿ ಆರಿಸಿದರೆ ಒಳ್ಳೆಯದಾ? ಶಾಲೆಗಳಿಗೂ ಇಂಥದ್ದೊಂದು ಓಟು ಬಂದರೆ ಹೇಗೆ?

ಗಾಜನೂರು ಹುಡುಗ:
ನೇರ ಆಯ್ಕೆಯೇ ಬೇಕು ಮೇಡಂ. ಕಳೆದ ಸಲ ಮೇಯರ್ ಹೆಸರು ಬಾಯಿಗೆ ಬರುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ಐದು ವರ್ಷ ಒಬ್ಬರೇ ಇದ್ದರೆ ಕೇಳಲು ಒಂದು ಮುಖ ಇರುತ್ತದೆ.

ಮತಗಟ್ಟೆ ಮೇಷ್ಟ್ರು:
ಟೀಚರ್, ನಾನೂ ನಿಮ್ಮ ವೃತ್ತಿಯವನೇ. ಚುನಾವಣೆ ಡ್ಯೂಟಿ ಎಷ್ಟು ಮಾಡಿದೆನೋ ಲೆಕ್ಕವಿಲ್ಲ. ಒಂದು ಮಾತು ಹೇಳಬೇಕು. ನಮ್ಮ 1976ರ ಪಾಲಿಕೆ ಕಾಯ್ದೆಯಲ್ಲಿ ಕೆಲಸ ಜಾರಿ ಮಾಡುವ ಅಧಿಕಾರ ಇರುವುದು ಆಯುಕ್ತರ ಕೈಯಲ್ಲಿ. ಮೇಯರ್ ಸಭೆ ನಡೆಸುತ್ತಾರೆ. ಅಧಿಕಾರ ಹಾಗೇ ಬಿಟ್ಟು ಆಯ್ಕೆ ಮಾತ್ರ ಬದಲಿಸಿದರೆ ಊರಿಗೆಲ್ಲ ಓಟು ಕೇಳಿ ಗೆದ್ದವರು ಕೈ ಕಟ್ಟಿ ಕೂರಬೇಕಾಗುತ್ತದೆ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಸಂವಿಧಾನದ 243ಯು ವಿಧಿ ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಿ ಎನ್ನುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿತು. ಆದರೂ ರಾಜ್ಯದಲ್ಲಿ ಎಷ್ಟು ಕಡೆ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಎಂದು ವರ್ಷಗಳೇ ಹೋಗಿವೆ. ಮೇಯರ್ ಯಾರು ಆರಿಸಬೇಕು ಅನ್ನೋದು ಆಮೇಲಿನ ಮಾತು. ಮೊದಲು ಓಟು ಸಮಯಕ್ಕೆ ಸರಿಯಾಗಿ ಬರಲಿ.

ಮಿಸಿಸಾಗಾದ ಮಲೆನಾಡಿಗ:
ನಾನು ಸಾಗರದ ಕಡೆಯವನು, ಈಗ ನಿಮ್ಮ ಮಗಳ ಪಕ್ಕದ ಊರಿನಲ್ಲಿದ್ದೇನೆ ಅಮ್ಮಾ. ಇಲ್ಲಿಯದನ್ನು ಪೂರ್ತಿ ಹೇಳಿಬಿಡುತ್ತೇನೆ. ಪೌರತ್ವ ಇದ್ದವರಿಗೆ ಮಾತ್ರ ಓಟು. ನಾನು ತೆರಿಗೆ ಕಟ್ಟುತ್ತೇನೆ, ಮಕ್ಕಳು ಇಲ್ಲೇ ಓದುತ್ತಾರೆ, ಆದರೂ ನನಗೆ ಇನ್ನೂ ಓಟಿಲ್ಲ. ಶಾಲಾ ಮಂಡಳಿಯೂ ಒಂದಲ್ಲ. ಇಂಗ್ಲಿಷ್ ಸಾರ್ವಜನಿಕ, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಸಾರ್ವಜನಿಕ, ಫ್ರೆಂಚ್ ಕ್ಯಾಥೊಲಿಕ್ ಎಂದು ನಾಲ್ಕು ಬಗೆ.

ಆಡಳಿತಾಧಿಕಾರಿ ಕಥೆ ಇಲ್ಲಿಯೂ ಇದೆ. 2025ರ ಜೂನ್‌ನಲ್ಲಿ ಟೊರಾಂಟೊ ಸೇರಿ ನಾಲ್ಕು ಶಾಲಾ ಮಂಡಳಿಗಳಿಗೆ ಪ್ರಾಂತ್ಯ ಸರ್ಕಾರ ಮೇಲ್ವಿಚಾರಕರನ್ನು ಕೂರಿಸಿತು. ಹಣ ಸರಿಯಾಗಿ ನಿಭಾಯಿಸಿಲ್ಲ ಎಂಬುದು ಸರ್ಕಾರದ ಕಾರಣ. ಜನ ಆರಿಸಿದ ಟ್ರಸ್ಟಿಗಳ ಕೈಯಲ್ಲಿದ್ದ ಅಧಿಕಾರ ಹೋಯಿತು. ಇನ್ನು ಮೇಯರ್: 2022ರಿಂದ ಮೊದಲು ಟೊರಾಂಟೊ, ಒಟ್ಟಾವಾ, ಆಮೇಲೆ ಬೇರೆ ನಗರಗಳ ಮೇಯರ್‌ಗಳಿಗೂ ಸರ್ಕಾರ ಜಾಸ್ತಿ ಅಧಿಕಾರ ಕೊಟ್ಟಿದೆ. ಕೆಲವು ವಿಷಯಗಳಲ್ಲಿ ಕೌನ್ಸಿಲ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಜೊತೆಗಿದ್ದರೆ ಸಾಕು, ನಿರ್ಣಯ ಪಾಸ್. ಅದು ನನಗೆ ಸರಿ ಕಾಣುವುದಿಲ್ಲ.

ತುಂಗಾತೀರದ ಟೀಚರ್:
ಎಲ್ಲರಿಗೂ ಧನ್ಯವಾದ. ಮಿಸಿಸಾಗಾದ ತಮ್ಮಾ, ನಿನಗೆ ಓಟಿಲ್ಲ ಎಂದು ಓದಿ ಬೇಜಾರಾಯಿತು.

ಮೇಷ್ಟ್ರ ಮಾತು ಓದಿ ನನಗೆ 2019ರ ಆಗಸ್ಟ್ ನೆನಪಾಯಿತು. ತುಂಗೆ ಉಕ್ಕಿ ಕುಂಬಾರ ಗುಂಡಿ, ರಾಜೀವ್ ಗಾಂಧಿ ಬಡಾವಣೆ ಕಡೆ ಮನೆಗಳಿಗೆ ನೀರು ನುಗ್ಗಿದ ವರ್ಷ. ನನ್ನ ತರಗತಿಯ ಇಬ್ಬರು ಮಕ್ಕಳ ಮನೆಯೊಳಗೂ ನೀರು. ನಾನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದು ಆ ಮಕ್ಕಳ ವಾರ್ಡಿನ ಸದಸ್ಯೆಗೆ. ಎರಡನೇ ರಿಂಗಿಗೆ ಎತ್ತಿದರು. ಸೀರೆ ಮೇಲೆ ಕಟ್ಟಿಕೊಂಡು, ಕೊಡೆ ಬಿಟ್ಟು, ಟಾರ್ಚ್ ಹಿಡಿದು ಆ ಮನೆಗೆ ಹೋದರು. ಮಕ್ಕಳ ಪುಸ್ತಕದ ಚೀಲ ತಲೆ ಮೇಲಿಟ್ಟುಕೊಂಡು ಹೊರಗೆ ಬಂದರಂತೆ. ಅವರ ಪಕ್ಷಕ್ಕೆ ನಾನು ಎಂದೂ ಓಟು ಹಾಕಿದವಳಲ್ಲ. ಅವತ್ತು ಅದು ಯಾರಿಗೂ ಬೇಕಿರಲಿಲ್ಲ.

ಈಗ ಅಂಥ ಮಳೆ ಬಂದರೆ ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡಲಿ? ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಅಂತಲ್ಲ. ಅವರಿಗೆ ನಮ್ಮ ಬೀದಿ ಪರಿಚಯವಾಗುವಷ್ಟರಲ್ಲಿ ವರ್ಗವಾಗುತ್ತದೆ. ಹಾಗಾಗಿ ನೇರ ಮೇಯರ್ ಬಗ್ಗೆ ನನ್ನ ಆಸೆ ಸ್ವಲ್ಪ ಕಡಿಮೆಯಾಗಿದೆ. ನನಗೆ ಮೊದಲು ವಾರ್ಡಿನ ಸದಸ್ಯರು ಬೇಕು.

ಶಾಲೆಯ ಓಟಿನ ಬಗ್ಗೆ ಮಾತ್ರ ಆಸೆ ಹಾಗೇ ಇದೆ. ಪಾಲಿಕೆಯಲ್ಲಿ ಆರೋಗ್ಯ, ಶಿಕ್ಷಣ, ಸಾಮಾಜಿಕ ನ್ಯಾಯ ಎಂದು ಒಂದು ಸ್ಥಾಯಿ ಸಮಿತಿ ಇದೆ. ಆದರೆ ನಮ್ಮ ಶಾಲೆಗಳು ಶಿಕ್ಷಣ ಇಲಾಖೆಯ ಕೆಳಗೆ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಎಂದು.

ತೀರ್ಥಹಳ್ಳಿ ತಾಯಿ:
ಟೀಚರ್, ಆ ಓಟು ನಮ್ಮಲ್ಲಿ ಇದೆ! ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮರೆತುಬಿಟ್ಟಿರಾ? ನಾನು ನಮ್ಮೂರ ಶಾಲೆಯ ಸಮಿತಿಯಲ್ಲಿ ಎರಡು ವರ್ಷದಿಂದ ಇದ್ದೇನೆ. ಪೋಷಕರ ಸಭೆಯಲ್ಲೇ ಆರಿಸಿದರು. ಅಧ್ಯಕ್ಷರು, ಮುಖ್ಯ ಶಿಕ್ಷಕರು ಇಬ್ಬರ ಸಹಿ ಇಲ್ಲದೆ ಸಮಿತಿ ಖಾತೆಯಿಂದ ದುಡ್ಡು ಬರುವುದಿಲ್ಲ. ಕಳೆದ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ್ದು, ಬಿಸಿಯೂಟದ ಅಕ್ಕಿ ತೇವ ಹಿಡಿಯದ ಹಾಗೆ ಡ್ರಮ್ ತಂದಿದ್ದು ನಾವೇ.

ತುಂಗಾತೀರದ ಟೀಚರ್:
ಮರೆತಿಲ್ಲ ತಂಗೀ. 2001ರಲ್ಲಿ ಎಸ್‌ಡಿಎಂಸಿ ಬಂದಾಗ ಮೊದಲ ಸಭೆಗೆ ಕುರ್ಚಿ ಹಾಕಿದವಳು ನಾನೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದಿತು. ಓದಿ ಎಷ್ಟು ಖುಷಿಪಟ್ಟಿದ್ದೆ! ಆದರೆ ಆಯ್ಕೆ ಸಭೆಗೆ ಬರುತ್ತಿದ್ದವರು ಹತ್ತೋ ಹನ್ನೆರಡೋ ಜನ. ಇನ್ನೂರು ಮಕ್ಕಳ ಶಾಲೆ. ಬಂದವರೂ ‘ನೀವೇ ಯಾರನ್ನಾದರೂ ಬರೆದುಕೊಳ್ಳಿ ಟೀಚರ್’ ಎನ್ನುತ್ತಿದ್ದರು. ನಾನು ಬರೆದುಕೊಂಡುಬಿಟ್ಟೆ. ಒಂದು ಸಲ ಅಲ್ಲ, ಮೂರು ಸಲ. ಅದು ಈಗಲೂ ಚುಚ್ಚುತ್ತದೆ. ಬ್ರಾಂಪ್ಟನ್‌ನಲ್ಲಿ ಹೊರಗೆ ನಿಂತಾಗ ನೆನಪಾದದ್ದೂ ಅದೇ.

ಮತಗಟ್ಟೆ ಮೇಷ್ಟ್ರು:
ಒಬ್ಬರೇ ಹೊರಬೇಡಿ ಟೀಚರ್. ನಾನೂ ಬರೆದುಕೊಂಡಿದ್ದೇನೆ.

ಎಲ್ಲರಿಗೂ ಒಂದು ಕೆಲಸದ ಮಾತು. ಪಾಲಿಕೆ ಚುನಾವಣೆಗೆ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡ್‌ವಾರು ಹಂಚುತ್ತಾರೆ. ಹಂಚುವಾಗ ಹೆಸರು ಪಕ್ಕದ ವಾರ್ಡಿಗೆ ಹೋಗಿರುವುದುಂಟು. ಕರಡು ಪಟ್ಟಿ ಬಂದಾಗಲೇ ನೋಡಿ ಆಕ್ಷೇಪಣೆ ಕೊಡಿ. ಓಟಿನ ದಿನ ನನ್ನಂಥವನ ಮುಂದೆ ಬಂದು ಜಗಳ ಮಾಡಿದರೆ ನಾನೇನೂ ಮಾಡಲಾರೆ.

ತುಂಗಾತೀರದ ಟೀಚರ್:
ಖಂಡಿತ ಮೇಷ್ಟ್ರೇ. ಸೋಮವಾರ ನನ್ನ ಹಳೆಯ ಶಾಲೆಗೂ ಹೋಗುತ್ತೇನೆ. ಮುಂದಿನ ಎಸ್‌ಡಿಎಂಸಿ ಆಯ್ಕೆ ಸಭೆ ಯಾವಾಗ ಎಂದು ಕೇಳಿಕೊಂಡು ಬರುತ್ತೇನೆ. ಸಭೆಗೆ ಮೊದಲು ಮನೆ ಮನೆಗೆ ಹೋಗಿ ಕರೆಯಲು ನನಗೀಗ ಸಮಯವಿದೆ, ಕಾಲೂ ಗಟ್ಟಿ ಇದೆ.

ತೀರ್ಥಹಳ್ಳಿ ತಾಯಿ:
ಸಭೆ ಸಂಜೆ ಆರರ ಮೇಲೆ ಇಡಲು ಹೇಳಿ ಟೀಚರ್. ನಮ್ಮಲ್ಲಿ ಹಾಗೆ ಮಾಡಿದ ಮೇಲೆಯೇ ಅಡಿಕೆ ಸುಲಿಯಲು ಹೋಗುವ ಹೆಂಗಸರು ಬರಲು ಶುರುಮಾಡಿದ್ದು.